ಅಕ್ಕನೂ ನಾನೂ ಕಟ್ಟಿದ ಭಾಷೆ

ಹೋದ ಸಲ ಮಿಡಿ ಉಪ್ಪಿನಕಾಯಿ ಬಗ್ಗೆ ಬರೆದಿದ್ದಕ್ಕೆ ಸುಮಾರು ಜನ ಫೋನ್ ಮಾಡಿದ್ರಿ, ಖುಷಿ ಆತು. ಈ ಸಲ ಅಡಿಗೆಮನೆ ವಿಷಯ ಅಲ್ಲ. ಅಲ್ಲ ಅಂದ್ರೂ ನಡುವೆ ಒಂದು ಉಪ್ಪಿನಕಾಯಿ ಡಬ್ಬಿ ಬರ್ತೈತೆ.

ಮೊಮ್ಮಗ ಬೇಸಿಗೆ ರಜಕ್ಕೆ ದಾವಣಗೆರೆಗೆ ಬಂದಾನೆ. ಹತ್ತು ವರ್ಷ. ಟಿವಿನಾಗೆ ಬಾಹುಬಲಿ ಸಿನಿಮಾ ನೋಡಿದ್ದೇ ನೋಡಿದ್ದು. ಅದರಾಗೆ ಕಾಲಕೇಯ ಅನ್ನೋನು ಬಾಯಿ ಲೊಚಲೊಚ ಅನ್ನಿಸ್ಕಂತ ಒಂದು ಭಾಷೆ ಮಾತಾಡ್ತಾನಲ್ಲ, ಅದು ಇವನ ಬಾಯಿಗೆ ಹತ್ತಿಬಿಟ್ಟೈತೆ. ನಾನು ಅದು ಸುಮ್ನೆ ಬಾಯಿಗೆ ಬಂದಂಗೆ ಕೂಗ್ತಾರೆ ಅಂದ್ಕಂಡಿದ್ದೆ. ಹಂಗಲ್ಲಂತೆ. ಮದನ್ ಕಾರ್ಕಿ ಅನ್ನೋ ತಮಿಳು ಸಾಹಿತಿ ಕೂತು ಕಟ್ಟಿದ ಭಾಷೆ ಅದು, ಹೆಸರು ಕಿಲಿಕಿ. 2015ರಾಗೆ ಸಿನಿಮಾಕ್ಕೆ ಅಂತ ಸುಮಾರು 750 ಪದ, 40 ವ್ಯಾಕರಣದ ನಿಯಮ ಮಾಡಿದ್ರಂತೆ. ಮಿನ್ ಅಂದ್ರೆ ನಾನು. ಅದನ್ನೇ ಮಗುಚಿ ಹಾಕಿದ್ರೆ ನಿಮ್, ಅಂದ್ರೆ ನೀನು. "ನಿಮ್ ಅನ್ನೋದು ನಮ್ದೇ ಪದ ಅಲ್ಲೇನೋ" ಅಂದೆ. ಮಖ ಊದಿಸ್ಕಂಡ.

ಈಗ ಅವನದ್ದೇ ಒಂದು ಭಾಷೆ ಮಾಡ್ತಾನಂತೆ. ನೂರು ಪೇಜಿನ ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು. ನಾನು ರೊಟ್ಟಿ ತಟ್ಟೋವಾಗ ಪಕ್ಕದಾಗೆ ಸ್ಟೂಲ್ ಹಾಕ್ಕಂಡು ಕೂತು, "ಅಜ್ಜಿ, ರೊಟ್ಟಿಗೆ ಏನಂತ ಹೆಸರು ಇಡ್ಲಿ?" ಅಂತ ಕೇಳ್ದ. "ಇಡ್ಲಿ ಅಂತಾನೇ ಇಡು" ಅಂದೆ. ಮೊದ್ಲು ಸಿಟ್ಟು ಬಂತು, ಆಮೇಲೆ ಅವನಿಗೇ ನಗು ಬಂತು. ಸಂಜೆ ಹೊತ್ತಿಗೆ ಎಂಬತ್ತು ಪದ ಆಗಿದ್ವು. ಓದಿ ತೋರಿಸ್ದ. ಫ್ಯಾನು, ಬೆಕ್ಕು, ಚಪ್ಪಲಿ, ದೋಸೆ, ಬ್ಯಾಟು. ಎಲ್ಲಾ ಕಣ್ಣಿಗೆ ಕಾಣೋ ಸಾಮಾನು. "ಬೇಜಾರಾತು ಅನ್ನೋಕೆ ಏನೋ?" ಅಂದೆ. "ಅದು ಇನ್ನೂ ಬಂದಿಲ್ಲ ಅಜ್ಜಿ" ಅಂದ. ರೊಟ್ಟಿ ಕೈಯಾಗೇ ನಿಂತ್ಕಂತು ನನಗೆ. ಯಾಕಂದ್ರೆ ಇಂಥದ್ದೇ ಒಂದು ನೋಟ್‌ಬುಕ್ಕು ನಮ್ಮನೇಲೂ ಇತ್ತು. ಹರಿಹರದಾಗೆ, ಅಕ್ಕಂದೂ ನಂದೂ. ಅದರಾಗೂ ಅದು ಬಂದಿರ್ಲಿಲ್ಲ.

ಹೆಂಗಸರಿಗೆ ಪದ ಹುಟ್ಟಿಸೋದು ಯಾರೂ ಕಲಿಸಬೇಕಾಗಿಲ್ಲ ಬಿಡ್ರಿ. ನಮ್ಮಜ್ಜಿ ಸಾಯೋತನಕ ಹಾಲಿಗೆ ಹಾಲು ಅಂದೋಳಲ್ಲ. ತಾತನ ಹೆಸರಿನಾಗೆ ಹಾಲು ಇತ್ತು, ಗಂಡನ ಹೆಸರು ಹೇಳಂಗಿಲ್ಲ. ಅದಕ್ಕೆ ಹಾಲಿಗೆ "ಬಿಳೇದು". ಕೆನೆಗೆ "ಬಿಳೇದರ ಮ್ಯಾಲಿಂದು". ಹಾಲು ಉಕ್ಕಿದ್ರೆ "ಬಿಳೇದು ಬಂತೂ" ಅಂತ ಕೂಗೋಳು, ನಾವು ಓಡಿಹೋಗಿ ಒಲೆ ಆರಿಸ್ತಿದ್ವಿ. ಮನೆಗೆ ಬಂದ ಸೊಸೆಯರೆಲ್ಲಾ ಅದನ್ನ ಕಲಿತ್ರು. ಇನ್ನು ತಿಂಗಳಿನ ವಿಷಯಕ್ಕೆ ನಮ್ಮ ಕಡೆ ಎಷ್ಟು ಪದ ಅದಾವೆ ಎಣಿಸಿ ನೋಡ್ರಿ. ಹೊರಗಾಗೋದು, ಕಡಿಗಾಗೋದು, ಕಾಗೆ ಮುಟ್ಟೋದು. ಕಾಗೆ ಪಾಪ ಎಲ್ಲೈತೋ ಏನೋ, ಅದರ ತಲೆ ಮ್ಯಾಲೆ ಹಾಕಿದ್ವಿ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆಕಾಯಿ. ಪರದೇಶದಿಂದ ಬಂದಿದ್ದಕ್ಕೆಲ್ಲಾ ಮುಂದೆ ಒಂದು ಸೀಮೆ ಹಚ್ಚಿದ್ರೆ ಕೆಲಸ ಮುಗೀತು ಅಂತ ಮೊದಲು ಹೊಳೆದಿದ್ದು ಯಾರಿಗೋ, ಅವರ ಹೆಸರು ಯಾವ ಪುಸ್ತಕದಾಗೂ ಇಲ್ಲ. ಓದಿದೋರು ಮಾಡಿದ ಜಂಗಮವಾಣಿ ನಮ್ಮನೇನಾಗೆ ಒಂದು ದಿನಾನೂ ರಿಂಗ್ ಆಗಿಲ್ಲ, ಫೋನೇ ರಿಂಗ್ ಆಗೋದು. ಮಿಂಚಂಚೆ ಅನ್ನೋದು ಮಾತ್ರ ನನಗೆ ಇಷ್ಟ. ಮಿಂಚು ಗೊತ್ತು, ಅಂಚೆ ಗೊತ್ತು, ಎರಡೂ ಕೂಡಿದ್ರೆ ತಾನೇ ತಿಳೀತೈತೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ರು ಇದನ್ನೇ ಹೇಳ್ತಾ ಬಂದಿದ್ದು, ಹೊಸ ಪದ ಬೇಕಾದ್ರೆ ಸಂಸ್ಕೃತಕ್ಕೆ ಓಡಬೇಡ್ರಿ, ಕನ್ನಡದ್ದೇ ಬೇರಿನಿಂದ ಕಟ್ರಿ ಅಂತ. ಎಲ್ಲಾ ಪದಕ್ಕೂ ಅದು ಆಗ್ತೈತೋ ಇಲ್ವೋ ನಾನು ಹೇಳೋಕೆ ಬರಲ್ಲ, ಮಿಂಚಂಚೆಗಂತೂ ಆಗೈತೆ.

ನಮ್ಮ ಭಾಷೆ ಶುರುವಾಗಿದ್ದು ಕ ಭಾಷೆಯಿಂದ. ನೀವೂ ಆಡಿರ್ತೀರಿ. ಅಕ್ಷರಕ್ಕೊಂದು ಕ ಸೇರಿಸೋದು, "ಕನೀಕನು ಕಬಾ" ಅಂದ್ರೆ ನೀನು ಬಾ. ಒಂದು ವಾರ ಬಲೆ ಜೋರು ಮಾಡಿದ್ವಿ. ಆಮೇಲೆ ಒಂದಿನ ನಮ್ಮವ್ವ ಒಲೆ ಮುಂದೆ ಕೂತೋಳು ತಿರುಗಿ ನೋಡದೇನೇ "ಕಸುಕಮ್ಕನೆ ಕಓಕದ್ಕಕೋ" ಅಂದುಬಿಟ್ಳು. ಅವಳೂ ಸಣ್ಣೋಳಿದ್ದಾಗ ಆಡಿದ್ದೇ ಅಂತೆ! ಓಣಿ ತುಂಬಾ ಎಲ್ಲಾರಿಗೂ ಗೊತ್ತಿರೋ ಗುಟ್ಟಿನ ಭಾಷೆ ಇಟ್ಕಂಡು ಏನು ಮಾಡೋದು. ಆಗ ಅಕ್ಕ ಅಂದ್ಲು, ಅಕ್ಷರ ತಿರುವಿದ್ರೆ ಆಗಲ್ಲ, ಪದಾನೇ ಹೊಸಾವು ಮಾಡಬೇಕು ಅಂತ.

ಅಕ್ಕ ಎಂಟನೇ ಕ್ಲಾಸು, ನಾನು ಆರು. ಅಪ್ಪ ಕಿರ್ಲೋಸ್ಕರ್ ಫ್ಯಾಕ್ಟರಿನಾಗೆ ಕೆಲಸ. 1941ರಾಗೆ ಶುರುವಾದ ಫ್ಯಾಕ್ಟರಿ, ಲೇತ್ ಮಶೀನ್ ಮಾಡ್ತಿದ್ರು, ಹರಿಹರ ಅಂದ್ರೆ ಆಗ ಅದೇ. ಫ್ಯಾಕ್ಟರಿ ಸೈರನ್ ಭೋಂ ಅಂತಿತ್ತಲ್ಲ, ಹಂಗಾಗಿ ಅಪ್ಪನಿಗೆ "ಭೋಂ" ಅಂತ ಇಟ್ವಿ. ಪೆಪ್ಪರಮೆಂಟ್ ಸೀಪೋದರಿಂದ ಖುಷಿಗೆ "ಸೀಪು". ಸಿನಿಮಾಕ್ಕೆ "ಟಿಕಿಟಿ". ದಿನಾ ಬಟ್ಲು ಹಿಡ್ಕಂಡು ಸಕ್ಕರೆಗೆ ಬರೋ ಎದುರುಮನೆಯೋರಿಗೂ ಒಂದಿತ್ತು, ಅದನ್ನ ಬರೆಯಲ್ಲ, ಅವರ ಸೊಸೆ ಇದನ್ನ ಓದ್ತಾಳೆ.

ಒಂದು ನಿಯಮಾನೂ ಮಾಡಿದ್ವಿ, ಅಕ್ಕನ ತಲೆ ಅದು. ಪದದ ಮುಂದೆ "ಡೊ" ಹಚ್ಚಿದ್ರೆ ಉಲ್ಟಾ. ಡೊಂಕು ಅನ್ನೋದರ ಡೊ. ಸೀಪು ಖುಷಿ, ಡೊಸೀಪು ದುಃಖ. ಭೋಂ ಅಪ್ಪ, ಡೊಭೋಂ ಅಂದ್ರೆ ಅಪ್ಪ ಮನೇಲಿಲ್ಲ, ಏನು ಬೇಕಾದ್ರೂ ಮಾಡಬಹುದು. ಒಂದು ಡೊ ಇಟ್ಕಂಡು ಇದ್ದ ಪದ ಎಲ್ಲಾ ಎರಡರಷ್ಟಾದ್ವು. ನಾವೇ ಕಂಡುಹಿಡಿದ್ವಿ ಅಂತ ಎಷ್ಟು ಜಂಬ ಗೊತ್ತಾ? ಈಗ ಮಗಳು ಹೇಳ್ತಾಳೆ, ನೂರು ವರ್ಷದ ಹಿಂದೇನೇ ಒಬ್ಬ ಮಾಡಿಟ್ಟಾನೆ ಅಂತ. ಝಾಮೆನ್‌ಹೋಫ್ ಅಂತ ಕಣ್ಣಿನ ಡಾಕ್ಟ್ರು, 1887ರಾಗೆ ವಾರ್ಸಾದಿಂದ ಎಸ್ಪೆರಾಂಟೊ ಅನ್ನೋ ಭಾಷೆ ತಂದ. ಲೋಕದ ಜನಕ್ಕೆಲ್ಲಾ ಒಂದು ಸುಲಭದ ಭಾಷೆ ಇರ್ಲಿ ಅಂತ. ಬೋನ ಅಂದ್ರೆ ಒಳ್ಳೇದು, ಮಾಲ್‌ಬೋನ ಅಂದ್ರೆ ಕೆಟ್ಟದ್ದು. ಅವನ ಮಾಲ್, ನಮ್ಮ ಡೊ. ಆದ್ರೆ ಆ ಭಾಷೇನಾಗೆ ಅಪ್ಪನಿಗೆ ಪಾತ್ರೊ, ಅವ್ವನಿಗೆ ಪಾತ್ರಿನೊ ಅಂತೆ. ಅಪ್ಪನಿಗೆ ಒಂದು ಬಾಲ ಹಚ್ಚಿದ್ರೆ ಅವ್ವ! ಲೋಕಕ್ಕೆಲ್ಲಾ ಭಾಷೆ ಕಟ್ಟೋನಿಗೆ ಅವ್ವನಿಗೆ ಅಂತ ಒಂದು ಪದ ಬೇರೆ ಸಿಗ್ಲಿಲ್ಲ ನೋಡ್ರಿ.

1985ರಾಗೆ ನಂದು ಪಿಯುಸಿ ಮುಗೀತು, ಅಕ್ಕನ ಮದುವೆ ಆತು. ಕೊಟ್ಟಿದ್ದು ಬಯಲುಸೀಮೆ ಕಡೆ, ಮನೆ ಮುಂದೇನೇ ಅಂಗಡಿ ಇದ್ದ ಮನೆತನ. ಕೆಟ್ಟೋರಲ್ಲ. ಆದ್ರೆ ಆ ಕಾಲದ ಮನೆ. ಸೊಸೆ ಬರೆದ ಕಾಗದ ಹಿರೇರು ಓದಿ ಆಮೇಲೆ ಡಬ್ಬಿಗೆ ಹಾಕೋರು. ಫೋನು ಅಂಗಡಿನಾಗೆ, ಮಾವ ಲೆಕ್ಕ ಬರೀತಾ ಕೂರೋ ಮೇಜಿನ ಮ್ಯಾಲೆ. ಆವಾಗ ಗೊತ್ತಾತು ಆ ನೋಟ್‌ಬುಕ್ಕು ಯಾಕೆ ಬೇಕಿತ್ತು ಅಂತ. ಆದ್ರೆ ನಮ್ಮ ನೋಟ್‌ಬುಕ್ಕಿನಾಗೆ ಏನಿತ್ತು? ಸಿನಿಮಾ, ಪೆಪ್ಪರಮೆಂಟು, ಮೇಷ್ಟ್ರು. ಮದುವೆ ಆದೋಳಿಗೆ ಬೇಕಾಗೋ ಒಂದು ಪದಾನೂ ಇರ್ಲಿಲ್ಲ. ಇರೋದಾದ್ರೂ ಹೆಂಗೆ, ಮಾಡಿದ್ದು ಲಂಗದ ಹುಡುಗೀರು.

ಹಂಗಾಗಿ ಅಕ್ಕ ಅಲ್ಲಿಂದಾನೇ ಹೊಸಾವು ಮಾಡೋಕೆ ಶುರುಮಾಡಿದ್ಲು, ನನ್ನ ಕೇಳದೇನೇ. ಕೇಳೋಕೆ ದಾರಿ ಎಲ್ಲಿತ್ತು. 1987ರಾಗೆ ಒಂದು ನೀಲಿ ಇನ್ಲೆಂಡ್ ಬಂತು. ಮಳೆ, ಬೆಳೆ, ಎಮ್ಮೆ ಕರು ಹಾಕಿದ್ದು, ಎಲ್ಲಾ ಬರೆದು ಕೊನೆಗೆ, "ಭೋಂಗೆ ಬುತ್ತಿ ಒಯ್ಯೋದು ನೆನಪಾಗ್ತೈತೆ. ನಾನೂ ಈಗ ಬುತ್ತಿ ಕಟ್ಕಂಡೀನಿ. ಬಿಸಿ ಐತೆ" ಅಂತ. ನಾವಿಬ್ರೂ ಸ್ಕೂಲು ರಜಾ ಇದ್ದಾಗ ಅಪ್ಪನಿಗೆ ಫ್ಯಾಕ್ಟರಿ ಗೇಟಿಗೆ ಬುತ್ತಿ ಒಯ್ತಿದ್ವಿ. ಬಟ್ಟೆ ಸುತ್ತಿ, ಹೊಟ್ಟೆಗೆ ಅವಚಿ ಹಿಡ್ಕಂಡು, ಚೆಲ್ಲಬಾರದು ಅಂತ ಮೆಲ್ಲಗೆ ನಡೀತಾ. ಓದಿದ ತಕ್ಷಣ ನನಗೆ ತಿಳೀತು. ಯಾರೂ ಹೇಳಿಕೊಡಲಿಲ್ಲ, ನೋಟ್‌ಬುಕ್ಕಿನಾಗೆ ಇರ್ಲಿಲ್ಲ. ಅಡಿಗೆಮನೆಗೆ ಓಡಿಹೋಗಿ "ಅವ್ವಾ, ಅಕ್ಕ ಬಸುರಿ" ಅಂದೆ. "ಎಲ್ಲಿ ಬರೆದಾಳೆ?" ಅಂತ ನಮ್ಮವ್ವ ಕಾಗದ ತಿರುವಿ ಮುರುವಿ ನೋಡಿದ್ಲು.

ಅದಾಗಿ ಒಂದೂವರೆ ತಿಂಗಳಿಗೆ ಫೋನು. ನಮ್ಮನೇಲಿ ಫೋನಿರ್ಲಿಲ್ಲ, ಪಕ್ಕದ ಮನೆಗೆ ಕರೆದ್ರು, ಓಡಿದೆ. ಅಕ್ಕ ಎಲ್ಲಾರ ಯೋಗಕ್ಷೇಮ ಕೇಳಿದ್ಲು. ಹಿಂದೆ ಮಾವ ಕೆಮ್ಮೋದು ಕೇಳಿಸ್ತಿತ್ತು. ಆಮೇಲೆ ಮೆಲ್ಲಗೆ "ಡೊಬುತ್ತಿ ಆತು ಕಣೇ" ಅಂದ್ಲು.

ನನಗೆ ಹತ್ತೊಂಬತ್ತು ವರ್ಷ. ಡೊ ಅಂದ್ರೆ ಉಲ್ಟಾ. ಬುತ್ತಿ ಅಂದ್ರೆ ಊಟ. ಊಟಕ್ಕೆ ಉಲ್ಟಾ ಅಂದ್ರೆ, ಊಟ ಸೇರ್ತಿಲ್ಲ, ವಾಂತಿ ಆಗ್ತೈತೆ ಅಂತ ಲೆಕ್ಕ ಹಾಕ್ದೆ. ನಕ್ಕೆ. "ಎಲ್ಲಾ ಬಸುರೀರಿಗೂ ಆಗೋದೇ ಬಿಡೇ, ನಿಂಬೆಹಣ್ಣು ಮೂಸಿ ನೋಡು" ಅಂದೆ. ಆ ಕಡೆ ಒಂದು ಗಳಿಗೆ ಸದ್ದಿಲ್ಲ. "ಹ್ಞೂಂ, ಆತು, ಇಡ್ತೀನಿ" ಅಂದ್ಲು.

ನಾನು ಬಂದು ಹೇಳಿದ್ದೇ ತಡ, ನಮ್ಮವ್ವ ಒಂದು ಡಬ್ಬಿ ತುಂಬಾ ಮಿಡಿ ಉಪ್ಪಿನಕಾಯಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಒಗ್ಗರಣೆ ಮಂಡಕ್ಕಿ ಬೇರೆ ಮಾಡಿ, ಆ ಕಡೆ ಹೊರಟಿದ್ದ ನೆಂಟರ ಕೈಯಾಗೆ ಕಳಿಸಿದ್ಲು. ಮೂರನೇ ದಿನ ಅವರು ವಾಪಸ್ ಬಂದ್ರು. ಕೈಯಾಗೆ ಅದೇ ಡಬ್ಬಿ, ಕಟ್ಟಿದ ಬಟ್ಟೆ ಬಿಚ್ಚಿರ್ಲಿಲ್ಲ. ಅಕ್ಕನ ಬಸಿರು ಇಳಿದು ಎರಡು ವಾರ ಆಗಿತ್ತು. ಸುಧಾರಿಸ್ಕಂಡ ಮೇಲೆ ತೌರಿಗೆ ತಿಳಿಸಿದ್ರಾತು ಅಂತ ಅಲ್ಲಿ ಹಿರೇರು ಅಂದ್ಕಂಡಿದ್ರು. ಅಕ್ಕ ತಿಳಿಸಿದ್ಲು. ನನಗೆ ತಿಳೀಲಿಲ್ಲ.

ನಮ್ಮವ್ವ ನನಗೆ ಒಂದು ಮಾತೂ ಬೈಲಿಲ್ಲ. ಡಬ್ಬಿ ತಗಂಡು ಗೂಡಿನಾಗೆ ಇಟ್ಳು. ಆ ಉಪ್ಪಿನಕಾಯಿ ನಾನು ತಿನ್ಲಿಲ್ಲ.

ಅಕ್ಕ ಅದಾದ ಮ್ಯಾಲೆ ಸುಧಾರಿಸ್ಕಳೋಕೆ ಅಂತ ಹರಿಹರಕ್ಕೆ ಬಂದ್ಲು. ನಾಲ್ಕು ದಿನ ಆ ಮಾತು ಇಬ್ರೂ ಎತ್ತಲಿಲ್ಲ. ಐದನೇ ದಿನ ಹರಿಹರೇಶ್ವರನ ಗುಡಿಗೆ ಹೋಗಿ, ಅಲ್ಲಿಂದ ಹೊಳೆ ದಂಡೆಗೆ ಹೋಗಿ ಕೂತ್ವಿ. ನಾನೇ ಅಂದೆ, "ನೀನು ಇಳೀತು ಅಂದಿದ್ರೆ ಸಾಕಿತ್ತಲ್ಲೇ." "ಮಾವ ಅಲ್ಲೇ ಇದ್ರು. ಗಂಡಸರ ಮುಂದೆ ಹೆಂಗೆ ಅನ್ಲಿ" ಅಂದ್ಲು. ಆಮೇಲೆ ಅಂದ್ಲು, "ನಿಂದು ತಪ್ಪಲ್ಲ, ಡೊ ತಪ್ಪು."

ಅದನ್ನ ಅವಳು ಬಿಡಿಸಿ ಹೇಳಿದ ರೀತಿ ನನಗೆ ಇವತ್ತಿಗೂ ನೆನಪೈತೆ. ಒಂದು ಡೊಗೆ ಮೂರು ಕೆಲಸ ಹಚ್ಚಿದೀವಿ ನಾವು ಅಂದ್ಲು. ಖುಷಿಗೆ ದುಃಖ, ಅದು ಎದುರಾಬದುರು. ಅಪ್ಪ ಮನೇಲಿಲ್ಲ, ಅದು ಬರೀ ಇಲ್ಲ, ಸಂಜೆಗೆ ಬರ್ತಾರೆ. ನಂದು ಅವೆರಡೂ ಅಲ್ಲ. ಇತ್ತು, ಹೋತು. ಅದಕ್ಕೆ ಬೇರೇನೇ ಬೇಕು. ಎಸ್ಪೆರಾಂಟೊದಾಗೂ ಹಿಂಗೇ ಬೇರೆ ಬೇರೆ ಇಟ್ಟಾರಂತೆ, ಎದುರಿಗೆ ಮಾಲ್, ಅಲ್ಲ ಅನ್ನೋಕೆ ನೆ, ಅದಿಲ್ಲದೆ ಅನ್ನೋಕೆ ಸೆನ್. ನಮಗೇನು ಆಗ ಅದೆಲ್ಲಾ ಗೊತ್ತಿತ್ತಾ. ಇಬ್ರೂ ನೀರು ನೋಡ್ಕಂತ ಕೂತಿದ್ವಿ. ತುಂಗಭದ್ರೆ ಆಗ ಒಳ್ಳೇ ತುಂಬಿ ಹರೀತಿದ್ಲು. ಅಕ್ಕ "ಳೆ" ಅಂದ್ಲು. ಹೊಳೆ ಅನ್ನೋದರ ಬಾಲ. ಕನ್ನಡದಾಗೆ ಳ ಅಕ್ಷರದಿಂದ ಶುರುವಾಗೋ ಮಾತು ಇಲ್ಲ ನೋಡ್ರಿ, ಹಂಗಾಗಿ ಪದದ ಮುಂದೆ ಹಚ್ಚಿದ್ರೆ ಬೇರೆ ಯಾವುದಕ್ಕೂ ತಾಕಲ್ಲ, ಅಂಗಡಿ ಗದ್ದಲದಾಗೂ ಗುರ್ತು ಸಿಗ್ತೈತೆ. ಅದನ್ನೂ ಅವಳೇ ಯೋಚನೆ ಮಾಡಿದ್ದು. "ಳೆಬುತ್ತಿ" ಅಂತ ಒಂದು ಸಲ ಅಂದ್ಲು. ನಾನೂ ಒಂದು ಸಲ ಅಂದೆ, ಬಾಯಿಗೆ ಬರ್ತೈತಾ ಅಂತ ನೋಡೋಕೆ. ಆಮೇಲೆ ಇಬ್ರೂ ಅತ್ವಿ. ಅವತ್ತೇ ಮೊದ್ಲು ಅತ್ತಿದ್ದು.

ಅಕ್ಕನಿಗೆ ಆಮೇಲೆ ಇಬ್ರು ಗಂಡುಮಕ್ಕಳಾದ್ರು, ಈಗ ಅವರಿಗೂ ಮಕ್ಕಳು. ನಾನು 1989ರಾಗೆ ಮದುವೆ ಆಗಿ ದಾವಣಗೆರೆಗೆ ಬಂದೆ, ಹದಿನಾಲ್ಕು ಕಿಲೋಮೀಟರ್ ದೂರ, ಬಸ್ಸು ಹತ್ತಿದ್ರೆ ತೌರು. ಕಾಲ ಬದಲಾತು, ಅಕ್ಕನ ಮನೇಲಿ ಕಾಗದ ಓದೋರು ಹೋದ್ರು, ಗುಟ್ಟಿನ ಭಾಷೆ ಬೇಕಾಗ್ಲಿಲ್ಲ. ನೋಟ್‌ಬುಕ್ಕು ತೌರಿನ ಅಟ್ಟ ಖಾಲಿ ಮಾಡೋವಾಗ ಹಳೇ ಪೇಪರ್ ಜೊತೆ ಹೋತು.

ಆದ್ರೂ ಒಂದು ಸಲ ಬೇಕಾತು. 1999ರಾಗೆ ಅಪ್ಪ ಬೆಳಗಿನ ಜಾವ ಹೋದ್ರು. ನಾನು ಮೊದಲು ಮುಟ್ಟಿದೆ, ಅಕ್ಕನಿಗೆ ಫೋನ್ ಮಾಡೋದು ನನ್ನ ಪಾಲಿಗೆ ಬಂತು. ಅವಳೇ ಎತ್ತಿದ್ಲು. ಅಪ್ಪ ಹೋದ್ರು ಅನ್ನೋಕೆ ಬಾಯಿ ಬರ್ತಿಲ್ಲ. ಕನ್ನಡದಾಗೆ ಎಷ್ಟು ಪದ ಇಲ್ಲ ಅದಕ್ಕೆ, ಹೋದ್ರು, ತೀರ್ಕಂಡ್ರು, ಲಿಂಗೈಕ್ಯರಾದ್ರು. ಒಂದೂ ಬರ್ಲಿಲ್ಲ. "ಳೆಭೋಂ" ಅಂದೆ. ಅಷ್ಟೇ. "ಹೊರಟೆ" ಅಂದ್ಲು, ಇಟ್ಳು. ಆ ಪದ ಅದಕ್ಕೆ ಮುಂಚೆ ನಾವು ಯಾವತ್ತೂ ಆಡಿರ್ಲಿಲ್ಲ.

ಇದನ್ನೆಲ್ಲಾ ಮೊನ್ನೆ ಮಗಳಿಗೆ ಮೊದಲ ಸಲ ಹೇಳ್ದೆ. ಅವಳು ಫೋನ್ ತೆಗೆದು ಹುಡುಕಿ, "ಅಮ್ಮಾ, ನಿಮ್ಮಂಗೇ ಒಬ್ರು ಅಮೆರಿಕದಾಗೆ ಮಾಡ್ಯಾರೆ ನೋಡು" ಅಂದ್ಲು. ಸುಜೆಟ್ ಹೇಡನ್ ಎಲ್ಗಿನ್ ಅಂತ ಹೆಂಗಸು, ಭಾಷಾವಿಜ್ಞಾನ ಓದಿದೋರು. ಹೆಂಗಸರು ಅನುಭವಿಸೋದನ್ನ ಹೇಳೋಕೆ ಇರೋ ಭಾಷೆಗಳಾಗೆ ಪದ ಸಾಲದು ಅಂತ 1982ರಾಗೆ ಲಾದನ್ ಅನ್ನೋ ಭಾಷೆ ಕಟ್ಟೋಕೆ ಶುರುಮಾಡಿದ್ರು. ಹೆಸರು ಕೇಳಿ ನಮ್ಮನೆಯವರು ಪೇಪರಿನಿಂದ ತಲೆ ಎತ್ತಿ "ಯಾರು, ಆ ಬಿನ್ ಲಾಡೆನ್ನಾ?" ಅಂದ್ರು. ಅದರ ಮೊದಲ ನಿಘಂಟು ಬಂದಿದ್ದು 1985ರಾಗೆ, ಅಕ್ಕನ ಮದುವೆ ವರ್ಷಾನೇ. ತಿಂಗಳಿಗೆ ಹೊರಗಾಗೋದು ಒಂದು ಪದ, ಮೊದಲ ಸಲ ಆದ್ರೆ ಬೇರೆ ಪದ, ನೋವು ತಿಂದ್ಕಂಡು ಆದ್ರೆ ಇನ್ನೊಂದು. ದಿನ ತುಂಬಿ, ಯಾವಾಗ ಮುಗೀತೈತಪ್ಪಾ ಅಂತ ಕಾಯೋ ಬಸುರಿಗೇ ಅಂತ ಒಂದು ಪದ!

ಇನ್ನೊಂದು ಪದ ಕೇಳಿ ನಾನು ನಕ್ಕು ನಕ್ಕು ಸುಸ್ತಾದೆ. ರಡೀಡಿನ್ ಅಂತ. ಅದರಾಗೂ ಮುಂದೆ ಒಂದು "ರ" ಐತೆ, ಅಲ್ಲ ಅನ್ನೋಕೆ, ನಮ್ಮ ಡೊ ಇದ್ದಂಗೆ. ರಡೀಡಿನ್ ಅಂದ್ರೆ ಹಬ್ಬ ಅಲ್ಲದ ಹಬ್ಬ. ಎಲ್ಲಾರೂ ಹಬ್ಬ ಅಂತಾರೆ, ಆದ್ರೆ ಮನೆ ಹೆಂಗಸಿಗೆ ಮಾತ್ರ ನೆನೆಸ್ಕಂಡ್ರೇ ಭಯ, ಅಷ್ಟು ಕೆಲಸ, ಮನೆ ತುಂಬಾ ನೆಂಟರು, ಒಬ್ರೂ ಒಂದು ಲೋಟ ತೊಳಿಯಲ್ಲ. ನಮ್ಮೂರಿನ ದುಗ್ಗಮ್ಮನ ಜಾತ್ರೆ ನೆನಪಾತು ನನಗೆ. ಎರಡು ವರ್ಷಕ್ಕೊಮ್ಮೆ ಬರ್ತೈತೆ, ತಾಯಿ ದಯ, ವರ್ಷಾ ವರ್ಷಾ ಬಂದಿದ್ರೆ ನಾನು ಇದನ್ನ ಬರೆಯೋಕೆ ಇರ್ತಿರ್ಲಿಲ್ಲ. ಕಳೆದ ಸಲ ಹಿಟ್ಟು ನಾದಿ ನಾದಿ ರಾತ್ರಿ ಒಂದು ಗಂಟೆಗೆ ಕೈ ಎತ್ತೋಕೆ ಆಗ್ಲಿಲ್ಲ, ಪಡಸಾಲೆನಾಗೆ ಇಸ್ಪೀಟು ಆಡೋರು "ಇನ್ನೊಂದು ರೌಂಡ್ ಟೀ" ಅಂತ ಕೂಗ್ತಿದ್ರು. ಜಾತ್ರೆ ಚೆನ್ನಾಗಿ ಆತಾ ಅಂತ ಕೇಳಿದೋರಿಗೆಲ್ಲಾ ಚೆನ್ನಾಗಾತು ಅಂದೆ. ಮತ್ತೇನನ್ಲಿ, ಪದ ಇರ್ಲಿಲ್ಲ.

ಆ ಎಲ್ಗಿನ್ ಅವರು ಹತ್ತು ವರ್ಷ ಗಡುವು ಇಟ್ಕಂಡಿದ್ರಂತೆ, ಅಷ್ಟರಾಗೆ ಹೆಂಗಸರು ಇದನ್ನ ಕೈಗೆತ್ತಿಕೊಂತಾರಾ ನೋಡಾಣ ಅಂತ. ಎತ್ತಿಕೊಳ್ಳಲಿಲ್ಲ. ಸಿನಿಮಾದಾಗೆ ಬಡಿದಾಡೋರಿಗೆ ಅಂತ ಮಾಡಿದ ಕ್ಲಿಂಗನ್ ಅನ್ನೋ ಭಾಷೆ ಮಾತ್ರ ಜನ ಕಲಿತ್ರು. ಕೇಳಿ ನನಗೆ ಬೇಜಾರಾತು, ಆಶ್ಚರ್ಯ ಆಗ್ಲಿಲ್ಲ. ಅವರು ಒಬ್ರೇ ಕೂತು ಸಾವಿರಗಟ್ಟಲೆ ಹೆಂಗಸರಿಗೆ ಪದ ಮಾಡಿದ್ರು. ನಾವು ಇಬ್ರಿಗೆ ಮಾಡಿದ್ವಿ, ಅದರಾಗೂ ಒಂದು ಕೆಟ್ಟಿತ್ತು.

ಮೊಮ್ಮಗ ಬಾಗಿಲ ಸಂದಿನಾಗೆ ನಿಂತು ಅರ್ಧ ಕೇಳಿಸ್ಕಂಡಿದ್ದ. "ಅಜ್ಜಿ, ನನ್ನ ಭಾಷೆಗೆ ಉಲ್ಟಾ ಮಾಡೋದು ಬೇಕು, ಕೊಡು" ಅಂತ ಬೆನ್ನು ಬಿದ್ದ. ಡೊ ಕೊಟ್ಟೆ. ಳೆ ಕೊಡಬೇಕಾ ಬೇಡ್ವಾ ಅಂತ ಒಂದು ಗಳಿಗೆ ಯೋಚನೆ ಮಾಡ್ದೆ. ಕೊಟ್ಟೆ. "ಇತ್ತು, ಹೋತು ಅನ್ನೋಕೆ" ಅಂತಷ್ಟೇ ಹೇಳ್ದೆ, ಕಥೆ ಹೇಳ್ಲಿಲ್ಲ. ಕೆಂಪು ಪೆನ್ನಿನಾಗೆ ಬರ್ಕಂಡ.

ಮಾರನೇ ದಿನ ಬೆಣ್ಣೆದೋಸೆ ತರಿಸಿದ್ವಿ. ಅಕ್ಕ ವಿಡಿಯೋ ಕಾಲಿನಾಗೆ ಇದ್ಲು. ಇವನು ಖಾಲಿ ತಟ್ಟೆ ಎತ್ತಿ ಫೋನಿಗೆ ಹಿಡಿದು "ದೊಡ್ಡಜ್ಜೀ, ಳೆದೋಸೆ!" ಅಂತ ಕೂಗಿದ. ಅಕ್ಕ ಮಾತಾಡ್ಲಿಲ್ಲ. ಕನ್ನಡಕ ತೆಗೆದು ಸೆರಗಿನಾಗೆ ಒರೆಸಿ ಹಾಕ್ಕಂಡ್ಲು. ಆಮೇಲೆ, "ಡೊಸೀಪು ಮಾಡ್ಕಬೇಡ ಕಣೋ, ನಿಮ್ಮಜ್ಜಿ ಪಾಲಿನ ದೋಸೆ ಇನ್ನೂ ಐತೆ, ಹಾಕಿಸ್ಕ" ಅಂದ್ಲು.